ಐದರಲ್ಲಿ ಮೂರು

ಬಸ್ಸು ಆನೆಕಾಡು ದಾಟುವಾಗ ವನಜಮ್ಮ ತನ್ನ ಬಲಗೈಯನ್ನು ಸೆರಗಿನ ಒಳಗೆ ಮುಚ್ಚಿಟ್ಟುಕೊಂಡು ಕೂತಿದ್ದಳು. ಚಳಿಗೆ ಎಂದು ಸೊಸೆ ತಿಳಿದಿರಬೇಕು. ಕಿಟಕಿಯ ಕಡೆಗಿದ್ದ ವೀಣಾ ತನ್ನ ಶಾಲಿನ ಅರ್ಧವನ್ನು ಅತ್ತೆಯ ತೊಡೆಯ ಮೇಲೆ ಎಳೆದು ಹಾಕಿ, ಮತ್ತೆ ಹೊರಗೆ ನೋಡತೊಡಗಿದಳು. ಚಳಿಯಲ್ಲ. ಮೂರು ವಾರದಿಂದ ಆ ಕೈಯ ಹೆಬ್ಬೆರಳೂ ತೋರುಬೆರಳೂ ತಮ್ಮಷ್ಟಕ್ಕೆ ತಾವೇ ಸೇರುತ್ತಿದ್ದವು, ಏನನ್ನೋ ಹಿಡಿಯುತ್ತಿದ್ದವು, ಎತ್ತಿ ಪಕ್ಕಕ್ಕೆ ಹಾಕುತ್ತಿದ್ದವು. ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತೊಂದು ವರ್ಷ ಮೇಜಿನ ಮುಂದೆ ಕೂತು ಕಾಳು ಆರಿಸಿದ ಬೆರಳುಗಳು. ಕೆಲಸ ಬಿಟ್ಟು ಆರು ವರ್ಷವಾದರೂ ಆರಿಸುವುದನ್ನು ಅವು ಬಿಟ್ಟಿರಲಿಲ್ಲ. ಅಕ್ಕಿಯಲ್ಲಿ ಆರಿಸಿದವು, ಅವರೆಕಾಳಿನಲ್ಲಿ ಆರಿಸಿದವು, ಮೊಮ್ಮಗಳು ಪ್ರಿಯಾಳ ತಲೆಯಲ್ಲಿ ಹೇನು ಆರಿಸಿದವು. ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ, ವೀಣಾಳ ಎದೆಯಿಂದ ಪರೀಕ್ಷೆಗೆಂದು ತೆಗೆದ ಐದು ಎಳೆ ಮಾಂಸದಲ್ಲೂ ಆರಿಸಿದ್ದವು. ಅದು ತಪ್ಪೆಂದು ಆಗ ಅವಳಿಗೆ ಹೊಳೆದಿರಲಿಲ್ಲ. ಒಳ್ಳೆಯದನ್ನೇ ಮಾಡಿದೆ ಎಂದಿತ್ತು.

ಕಂಡಕ್ಟರು ಬಂದು ಆಧಾರ್ ಕಾರ್ಡು ಕೇಳಿದ. ವೀಣಾಳ ಕಾರ್ಡಿನಲ್ಲಿದ್ದ ಎರಡು ಜಡೆಯ ಮುಖವನ್ನೂ ಉಣ್ಣೆಯ ಟೋಪಿಯ ಕೆಳಗಿನ ಮುಖವನ್ನೂ ಎರಡು ಸಲ ನೋಡಿ, ಇದು ಯಾರದಮ್ಮ ಎಂದ. ವೀಣಾ ಟೋಪಿಯನ್ನು ತೆಗೆದು ತೋರಿಸಿದಳು. ಅವನು ಗಡಿಬಿಡಿಯಲ್ಲಿ ಟಿಕೇಟು ಹರಿದುಕೊಟ್ಟು ಮುಂದೆ ಹೋದ. ಹಿಂದಿನ ಸೀಟಿನ ಹೆಂಗಸೊಬ್ಬಳು ತನ್ನ ಕೂಸಿನ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡಳು. ವೀಣಾ ಟೋಪಿಯನ್ನು ಮತ್ತೆ ಹಾಕಿಕೊಳ್ಳುವಾಗ ಅದರ ಅಂಚು ಕಿವಿಯ ಮೇಲೆ ಸರಿಯಾಗಿ ಕೂರಲಿಲ್ಲ. ಸರಿಮಾಡಲು ವನಜಮ್ಮನ ಬಲಗೈ ಸೆರಗಿನಿಂದ ಹೊರಗೆ ಬಂದಿತು, ಅರ್ಧ ದಾರಿಯಲ್ಲಿ ನಿಂತಿತು, ಒಳಗೆ ಹೋಯಿತು.

ನಾಲ್ಕು ತಿಂಗಳ ಹಿಂದೆ ಮಡಿಕೇರಿಯ ಆಸ್ಪತ್ರೆಯಲ್ಲಿ ಡಾಕ್ಟರ್ ದೇರಪ್ಪ ಸೂಜಿ ಹಾಕಿ ಎಳೆಗಳನ್ನು ತೆಗೆದಾಗ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಮೈಸೂರಿನ ಲ್ಯಾಬಿಗೆ ನಾಳೆಯೇ ತಲುಪಿಸಬೇಕು ಎಂದು ನರ್ಸ್ ಉಷಾರಾಣಿ ಹೆಬ್ಬೆರಳ ಗಾತ್ರದ ಬಾಟಲಿಯನ್ನು ವನಜಮ್ಮನ ಕೈಗೆ ಕೊಟ್ಟಿದ್ದಳು. ಮುಚ್ಚಳದ ಸುತ್ತ ಬಿಳಿ ಪ್ಲಾಸ್ಟರು, ಅದರ ಮೇಲೆ ವೀಣಾಳ ಹೆಸರು, ವಯಸ್ಸು. ಮಗ ಶಶಿಕುಮಾರ್ ಲಾರಿಯ ಜೊತೆ ಕಣ್ಣೂರಿಗೆ ಹೋಗಿದ್ದ. ಬರುವುದು ಮೂರು ದಿನ. ಮೈಯ ತುಂಡನ್ನು ದೇವರ ಪಟ ಇರುವ ಮನೆಯೊಳಗೆ ಇಡುವುದು ಹೇಗೆಂದು ವನಜಮ್ಮ ಅದನ್ನು ಬಚ್ಚಲ ಗೋಡೆಯ ಗೂಡಿನಲ್ಲಿಟ್ಟು ಮೇಲೊಂದು ತೆಂಗಿನ ಚಿಪ್ಪು ಮುಚ್ಚಿದ್ದಳು. ಬೆಳಿಗ್ಗೆ ಏಳರ ಬಿಸಿಲು ಒಗೆಯುವ ಕಲ್ಲಿನ ಮೇಲೆ ಬೀಳುತ್ತಿದ್ದಾಗ ಅದನ್ನು ಹೊರಗೆ ತೆಗೆದಳು. ನೋಡದೆ ಯಾವುದನ್ನೂ ಕೈಯಿಂದ ಕೈಗೆ ದಾಟಿಸಿದವಳಲ್ಲ. ಬೆಳಕಿಗೆ ಹಿಡಿದರೆ ನೀರಿನೊಳಗೆ ಶಾವಿಗೆಯ ಹಾಗೆ ಐದು ಎಳೆ. ಮೂರು ಬೆಳ್ಳಗಿದ್ದವು, ಶುಭ್ರವಾಗಿದ್ದವು. ಎರಡು ಕಪ್ಪಿಟ್ಟಿದ್ದವು, ಒಂದರ ತುದಿಗೆ ಕೆಂಪು ಗಂಟು. ಅವಳ ಕಣ್ಣಿಗೆ ಅದು ಬಾಟಲಿಯಾಗಿ ಕಾಣಲಿಲ್ಲ, ಸ್ಯಾಂಪಲ್ ತಟ್ಟೆಯಾಗಿ ಕಂಡಿತು. ಕ್ಯೂರಿಂಗ್ ವರ್ಕ್ಸಿನಲ್ಲಿ ಪರೀಕ್ಷೆಯವರು ಬರುವ ದಿನ ಲೆಕ್ಕ ಬರೆಯುವ ರೈಟರ್ ಪೊನ್ನಪ್ಪ ಅರವತ್ತು ಹೆಂಗಸರ ಸಾಲು ದಾಟಿಕೊಂಡು ನೇರ ಅವಳ ಹತ್ತಿರ ಬರುತ್ತಿದ್ದ. ವನಜಮ್ಮ, ತಟ್ಟೆಗೆ ನಿಮ್ಮ ಕೈ ಆಗಲಿ ಎನ್ನುತ್ತಿದ್ದ. ತಟ್ಟೆಯಲ್ಲಿ ಒಂದು ಕಪ್ಪು ಕಾಳು ಸಿಕ್ಕಿದರೆ ಇಡೀ ರಾಶಿಯ ದರ್ಜೆ ಇಳಿಯುತ್ತದೆ. ರಾಶಿಯಲ್ಲಿ ಏನೇ ಇರಲಿ, ತಟ್ಟೆ ಚೊಕ್ಕಟವಾಗಿರಬೇಕು. ಮೂವತ್ತೊಂದು ವರ್ಷದಲ್ಲಿ ಅವಳು ಆರಿಸಿದ ತಟ್ಟೆ ಒಂದೂ ತಿರುಗಿ ಬಂದಿರಲಿಲ್ಲ.

ಪ್ಲಾಸ್ಟರನ್ನು ಹರಿಯದ ಹಾಗೆ ಬಿಡಿಸಿ ಕಲ್ಲಿನ ಅಂಚಿಗೆ ಅಂಟಿಸಿಟ್ಟಳು. ಕಿಟಕಿಯಲ್ಲಿದ್ದ ವೀಣಾಳ ತಲೆಪಿನ್ನೊಂದನ್ನು ಬಿಸಿನೀರಲ್ಲಿ ಅದ್ದಿ ತಂದಳು. ಮುಚ್ಚಳ ತೆಗೆದಾಗ ಕಣ್ಣು ಉರಿಯುವ ವಾಸನೆ ಬಂದಿತು, ಆದರೂ ಮುಖ ತಿರುಗಿಸಲಿಲ್ಲ. ಮನೆದೇವರ ಹೆಸರು ಹೇಳುತ್ತ ಕಪ್ಪಿನವೆರಡನ್ನು ಎತ್ತಿ ದಾಸವಾಳದ ಬುಡಕ್ಕೆ ಹಾಕಿದಳು. ಮತ್ತೆ ಮುಚ್ಚಿ, ಪ್ಲಾಸ್ಟರು ಸುತ್ತಿ, ತಲೆಯೆತ್ತಿ ನೋಡಿದರೆ ಕೆಂಪು ಹೇಂಟೆ ದಾಸವಾಳದ ಬುಡದಲ್ಲಿ ಕತ್ತು ಬಗ್ಗಿಸಿ ನಿಂತಿತ್ತು. ಕೈ ಬೀಸಿ ಓಡಿಸಿದಳು. ಅದು ಏನನ್ನಾದರೂ ನುಂಗಿತೋ, ಮಣ್ಣನ್ನಷ್ಟೇ ಕೆದಕಿತೋ ತಿಳಿಯಲಿಲ್ಲ. ಬಗ್ಗಿ ಹುಡುಕುವುದಕ್ಕೆ ಮನಸ್ಸಾಗಲಿಲ್ಲ. ಆ ವಾರವೇ ಹೇಂಟೆಯನ್ನು ಪಕ್ಕದ ಮನೆಯವರಿಗೆ ಹಾಗೇ ಕೊಟ್ಟುಬಿಟ್ಟಳು. ಮೊಟ್ಟೆ ಇಡುವ ಕೋಳಿಯನ್ನು ಯಾಕೆ ಕೊಟ್ಟಿರಿ ಎಂದು ವೀಣಾ ಕೇಳಿದ್ದಕ್ಕೆ, ಕೂಗು ಸರಿಯಿಲ್ಲ ಎಂದಿದ್ದಳು.

ಹನ್ನೆರಡು ದಿನಕ್ಕೆ ರಿಪೋರ್ಟು ಬಂದಿತು. ಕ್ಯಾನ್ಸರ್ ಹೌದು. ಆದರೆ ಹರ್ ಟೂ ಎಂಬ ಗುರುತು ಇಲ್ಲ. ಆ ಗುರುತು ಇದ್ದರೆ ಗಡ್ಡೆ ಬೇಗ ಬೆಳೆಯುತ್ತದೆ, ಹರಡುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದುದರಿಂದ ಮನೆಯಲ್ಲಿ ಸಾವಿನಂಥ ಸುದ್ದಿಯ ನಡುವೆಯೇ ಒಂದು ಥರದ ಹಗುರ. ಶಶಿಕುಮಾರ್ ಗೋಡೆಗೆ ಒರಗಿ ಕೂತು, ಅಷ್ಟಾದರೂ ಒಳ್ಳೇದಾಯ್ತಲ್ಲವ್ವ ಎಂದು ಕಣ್ಣೊರೆಸಿಕೊಂಡಾಗ ವನಜಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಿದ್ದಳು. ಒಳಗೆ ಯಾರಿಗೂ ಹೇಳದ ಹೆಮ್ಮೆ ಇತ್ತು. ದೀಪಕ್ಕೆ ಎಣ್ಣೆ ಹಾಕುತ್ತ, ತಟ್ಟೆ ಈ ಸಲವೂ ತಿರುಗಿ ಬರಲಿಲ್ಲ ಎಂದುಕೊಂಡಿದ್ದಳು.

ಸುಂಟಿಕೊಪ್ಪ ಹೋಯಿತು. ರಸ್ತೆಯ ಬದಿಯ ಕಣಗಳಲ್ಲಿ ಕಾಫಿ ಹಣ್ಣು ಒಣಗುತ್ತಿತ್ತು, ಹುಳಿವಾಸನೆ ಬಸ್ಸಿನೊಳಗೆ ಬಂದು ಹೋಗುತ್ತಿತ್ತು. ವೀಣಾ ಮೂಗಿಗೆ ಶಾಲು ಹಿಡಿದಳು. ಅವಳಿಗೆ ಈಗ ಎಲ್ಲ ವಾಸನೆಗೂ ಹೊಟ್ಟೆ ತೊಳಸುತ್ತದೆ. ಕ್ಯಾನ್ಸರ್ ಮದ್ದಿನ ನಾಲ್ಕನೆಯ ಡ್ರಿಪ್ಪು ಆದಮೇಲಂತೂ ಅನ್ನ ಬೇಯುವ ವಾಸನೆಗೇ ಹಿತ್ತಿಲಿಗೆ ಓಡುತ್ತಾಳೆ. ಅಂಗನವಾಡಿಯಲ್ಲಿ ಇಪ್ಪತ್ತೆರಡು ಮಕ್ಕಳ ಮೂಗು ಒರೆಸುತ್ತಿದ್ದವಳು. ಮೂರು ವಾರದ ಹಿಂದೆ ಆ ನಾಲ್ಕನೆಯ ಡ್ರಿಪ್ಪಿನ ದಿನವೇ ಕೆಂಚಿ ಆ ಮಾತು ಹೇಳಿದ್ದು. ಕೆಂಚಿ ಸುಂಟಿಕೊಪ್ಪದ ಹತ್ತಿರದ ಎಸ್ಟೇಟಿನ ಕೂಲಿಗಳ ಲೈನುಮನೆಯವಳು, ವೀಣಾಳದೇ ಕಾಯಿಲೆ, ಅದೇ ವಾರ ಶುರುವಾದ ಮದ್ದು. ಹಿಂದೆ ಎರಡು ಸೀಸನ್ನು ಕ್ಯೂರಿಂಗ್ ವರ್ಕ್ಸಿಗೆ ಕಾಳು ಆರಿಸಲು ಬಂದಿದ್ದಳು. ಇವಳಿಗೆ ಕಣ್ಣು ಕೂರುವುದಿಲ್ಲ, ಕಪ್ಪನ್ನೂ ಒಡೆದದ್ದನ್ನೂ ಒಳ್ಳೆಯದರ ಜೊತೆಗೇ ಬಿಡುತ್ತಾಳೆ ಎಂದು ರೈಟರಿಗೆ ಹೇಳಿ ಅವಳನ್ನು ಮೇಜಿನಿಂದ ಎಬ್ಬಿಸಿದ್ದು ವನಜಮ್ಮನೇ. ಕೆಂಚಿ ಅದನ್ನು ಮರೆತಿದ್ದಳೋ ಇಲ್ಲವೋ, ಆ ದಿನ ವನಜಮ್ಮನ ಕೈಯನ್ನು ಹಿಡಿದು ರವಿಕೆಯ ಮೇಲೇ ತನ್ನ ಎದೆಗೆ ಒತ್ತಿಕೊಂಡಿದ್ದಳು. ಮುಟ್ಟಿ ನೋಡಕ್ಕ, ಎಲ್ಲುಂಟು ಹೇಳು, ನಿಂಬೆಹಣ್ಣಿನಷ್ಟು ಇದ್ದದ್ದು ಎಲ್ಲಿ ಹೋಯ್ತು ಹೇಳು ಎಂದಿದ್ದಳು. ಅಲ್ಲಿ ಏನೂ ಇರಲಿಲ್ಲ. ವನಜಮ್ಮನ ಬೆರಳುಗಳು ಹುಡುಕಿದವು, ಸೋತವು. ಡ್ರಿಪ್ಪಿನ ಬಾಟಲಿ ಬದಲಿಸುತ್ತಿದ್ದ ಉಷಾರಾಣಿ, ಕೆಂಚಿಗೆ ಆ ಗುರುತು ಇದೆಯಲ್ಲ, ಗುರುತು ಇದ್ದವರಿಗೆ ಗುರಿಯಿಟ್ಟು ಹೋಗುವ ಬೇರೆ ಮದ್ದು ಇದೆ, ಇಲ್ಲದವರಿಗೆ ಅದನ್ನು ಕೊಟ್ಟು ಪ್ರಯೋಜನವಿಲ್ಲ ಎಂದು ಹೇಳುತ್ತ ಹೋಗಿದ್ದಳು. ಗುರುತು ಇದೆಯೋ ಇಲ್ಲವೋ ಎಲ್ಲಿ ನೋಡುತ್ತಾರೆ ಎಂದು ವನಜಮ್ಮ ಕೇಳಿದ್ದಳು. ಆ ಎಳೆಯಲ್ಲೇ ಅಮ್ಮ, ನೀವೇ ತಗೊಂಡು ಹೋಗಿ ಕೊಟ್ರಲ್ಲ, ಅದರಲ್ಲೇ ಎಂದಿದ್ದಳು ಉಷಾರಾಣಿ. ಆಮೇಲಿಂದ ಬೆರಳು ಸುಮ್ಮನಿರಲಿಲ್ಲ.

ಆಸ್ಪತ್ರೆಯ ಮೊದಲ ಮಹಡಿಯಲ್ಲಿ ಕಬ್ಬಿಣದ ಕುರ್ಚಿಗಳ ಸಾಲು. ಡಾಕ್ಟರ್ ದೇರಪ್ಪ ಬರುವುದು ಬುಧವಾರ ಮಾತ್ರ, ಒಂದು ಗಂಟೆಯವರೆಗೆ. ಕೆಂಚಿ ಆಗಲೇ ಬಂದು ಕೂತು, ಚೀಲದಿಂದ ಕಿತ್ತಳೆ ತೆಗೆದು ಸುಲಿಯುತ್ತಿದ್ದಳು. ವೀಣಾಳ ಟೋಪಿಯನ್ನು ನೋಡಿ, ನಿನ್ನದು ಚಂದ ಉಂಟು, ನನ್ನ ತಲೆ ಈಗ ಕಟಾವು ಮಾಡಿದ ಕಾಫಿ ತೋಟದ ಹಾಗೆ ಚಿಗುರ್ತಾ ಉಂಟು ಎಂದು ಮುಂಡಾಸು ಎತ್ತಿ ತೋರಿಸಿದಳು. ವೀಣಾ ಬಹಳ ದಿನದ ಮೇಲೆ ನಕ್ಕಳು. ಕೆಂಚಿಗೆ ಅಷ್ಟೇ ಬೇಕಿತ್ತು. ತನ್ನ ಬಾಟಲಿಯನ್ನು ಗಂಡ ಬೋಜ ಅಂಗಿಯ ಜೇಬಿಗೆ ಹಾಕಿಕೊಂಡು ಹೋದದ್ದನ್ನೂ, ದಾರಿಯಲ್ಲಿ ಎರಡು ಕಡೆ ಟೀ ಕುಡಿದು, ಹುಣಸೂರಿನಲ್ಲಿ ತಂಗಿಯ ಮನೆಗೆ ಹೋಗಿ ಊಟ ಮಾಡಿ, ಜೇಬಿನಲ್ಲಿ ಬಾಟಲಿ ಇದೆ ಎಂಬುದು ಮೈಸೂರಿನಲ್ಲಿ ಬೀಡಿ ಹುಡುಕುವಾಗ ನೆನಪಾದದ್ದನ್ನೂ ಕೈ ಬಾಯಿ ತಿರುಗಿಸಿ ಹೇಳಿದಳು. ಹೆಂಡತಿಯನ್ನು ಮರೆತರೂ ಮೈಸೂರನ್ನು ಮರೀಲಿಲ್ಲ ನನ್ನ ಗಂಡ ಎಂದಳು. ವೀಣಾ ಮತ್ತೆ ನಕ್ಕಳು. ವನಜಮ್ಮನೂ ನಗಬೇಕಾಗಿತ್ತು, ತುಟಿ ಅಗಲವಾದದ್ದು ಅವಳಿಗೇ ತಿಳಿಯಿತು, ಅದರ ಹಿಂದೆ ಏನೂ ಇಲ್ಲದ್ದೂ ತಿಳಿಯಿತು. ಒಂದು ನಿರ್ಲಕ್ಷ್ಯದ ಜೇಬಿನಲ್ಲಿ ಎಲ್ಲವೂ ಇದ್ದ ಹಾಗೇ ಹೋಗಿ ಮುಟ್ಟಿತ್ತು, ಕಪ್ಪೂ ಬಿಳುಪೂ. ಕಿತ್ತಳೆಯ ತೊಳೆಯೊಂದನ್ನು ಕೆಂಚಿ ಅವಳ ಅಂಗೈಗೆ ಇಟ್ಟಾಗ ಬೆರಳುಗಳು ಬೀಜಕ್ಕಾಗಿ ತಡಕಾಡಿದವು.

ಉಷಾರಾಣಿ ಹೆಸರು ಕರೆದಳು. ಡಾಕ್ಟರು ಸ್ಕ್ಯಾನನ್ನು ಗೋಡೆಯ ದೀಪಕ್ಕೆ ಸಿಕ್ಕಿಸಿ ಬಹಳ ಹೊತ್ತು ಬೆನ್ನು ತೋರಿಸಿ ನಿಂತರು. ಆ ಬೆನ್ನಿನಲ್ಲೇ ಉತ್ತರ ಇದ್ದ ಹಾಗಿತ್ತು. ತಿರುಗಿ ಕೂತು, ಗಡ್ಡೆ ಕರಗಿಲ್ಲ, ಎರಡು ಮಿಲಿಮೀಟರ್ ಜಾಸ್ತಿಯೇ ಆಗಿದೆ, ಕಂಕುಳಲ್ಲೂ ಒಂದು ಹೊಸದು ಕಾಣ್ತಿದೆ ಎಂದು ಹೇಳಿದರು. ವೀಣಾ ಕೈ ಕಟ್ಟಿಕೊಂಡು ಕೇಳಿದಳು. ನಾಲ್ಕು ತಿಂಗಳಿಂದ ಅವಳು ಕಾಯಿಲೆಯ ಬಗ್ಗೆ ಯಾರನ್ನೂ ಏನೂ ಕೇಳಿರಲಿಲ್ಲ. ಈಗ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಬಂದವಳ ಹಾಗೆ ಬಾಯಿ ತೆರೆದಳು.

"ಕೆಂಚಿಗೂ ನಂಗೂ ಒಂದೇ ಕಾಯ್ಲೆ ಡಾಕ್ಟ್ರೇ. ಒಂದೇ ವಾರ ಶುರು ಮಾಡಿದ್ರಿ. ಅವಳಿಗೆ ಹೋಯ್ತು. ನಂಗ್ಯಾಕೆ ಹೋಗ್ಲಿಲ್ಲ?"

"ಹೆಸರು ಒಂದೇ ವೀಣಾ. ಕಾಯಿಲೆ ಒಂದೇ ಅಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಕ್ಕಳಿಗೆ ಹೇಳುವ ಹಾಗಲ್ಲ, ಜೊತೆಯವರಿಗೆ ಹೇಳುವ ಹಾಗೆ ಹೇಳಿದರು. ಕೆಂಚಿಯ ಗಡ್ಡೆಯ ಕಣಗಳ ಮೈತುಂಬ ಆ ಗುರುತು ಇದೆ, ಕೊಕ್ಕೆಗಳ ಹಾಗೆ. ಗಡ್ಡೆ ಅಷ್ಟು ಜೋರಾಗಿ ಬೆಳೆಯುವುದೇ ಅದರಿಂದ. ಗುರುತು ಕೆಟ್ಟದ್ದು, ನಿಜ. ಆದರೆ ಹೊಸ ಮದ್ದು ಬಂದು ಹಿಡಿಯುವುದು ಅದನ್ನೇ. ಅದು ಇಲ್ಲದ ಕಡೆ ಮದ್ದಿಗೆ ಹಿಡಿದುಕೊಳ್ಳಲು ಏನೂ ಇಲ್ಲ, ಹಾಗೇ ಹರಿದು ಹೋಗುತ್ತದೆ. ಗುರುತು ಇದ್ದೂ ಮದ್ದು ನಾಟದವರಿದ್ದಾರೆ. ಮೊದಲು ನಾಟಿ, ಆಮೇಲೆ ಗಡ್ಡೆ ಬೇರೆ ದಾರಿ ಹುಡುಕಿಕೊಂಡವರೂ ಇದ್ದಾರೆ. ಎಲ್ಲದಕ್ಕೂ ಕಾರಣ ನಮಗೆ ಗೊತ್ತಿಲ್ಲ ಎಂದರು. ಒಂದೇ ಗಡ್ಡೆ ಅಂತ ನಾವು ಹೇಳುತ್ತೇವೆ, ಒಳಗೆ ಎಲ್ಲ ಜಾಗವೂ ಒಂದೇ ಥರ ಇರುವುದಿಲ್ಲ. ಒಂದು ಮೂಲೆಯಲ್ಲಿ ಗುರುತು ಇದ್ದು ಇನ್ನೊಂದು ಮೂಲೆಯಲ್ಲಿ ಇಲ್ಲದೆಯೂ ಇರಬಹುದು, ಅದಕ್ಕೇ ನಾವು ಒಂದೇ ಕಡೆಯಿಂದ ತೆಗೆಯದೆ ಐದು ಕಡೆಯಿಂದ ತೆಗೆಯುವುದು ಎನ್ನುತ್ತ ಹಳೆಯ ರಿಪೋರ್ಟನ್ನು ತಿರುವಿದರು. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಎದ್ದು ಹೋಗಿ ಕಪಾಟಿನಿಂದ ಆಸ್ಪತ್ರೆಯ ರಿಜಿಸ್ಟರು ತಂದು ಅದರ ಪಕ್ಕದಲ್ಲಿಟ್ಟರು. ವನಜಮ್ಮನಿಗೆ ಇಂಗ್ಲಿಷು ಓದಲು ಬರುವುದಿಲ್ಲ. ಆದರೆ ಐದರ ಅಂಕಿಯೂ ಮೂರರ ಅಂಕಿಯೂ ತಲೆಕೆಳಗಾಗಿ ನೋಡಿದರೂ ಗೊತ್ತಾಗುತ್ತವೆ.

"ಉಷಾ, ಇವರದ್ದು ಎಷ್ಟು ತೆಗೆದಿದ್ವಿ?"

"ಐದು ಸರ್."

"ಲ್ಯಾಬಿನವರು ಮೂರು ಬಂದಿದೆ ಅಂತ ಬರೆದಿದ್ದಾರೆ. ಎಣಿಸಿ ಹಾಕಿದ್ಯಾ?"

ಎಣಿಸಿದ್ದೆ ಎಂದಳು ಉಷಾರಾಣಿ. ಎಣಿಸಿದರೆ ಎರಡನ್ನು ಬಾಟಲಿ ತಿಂದುಕೊಳ್ತಾ ಎಂದು ಡಾಕ್ಟರು ದನಿ ಏರಿಸದೆ ಕೇಳಿದರು. ಶನಿವಾರಸಂತೆಯ ಹುಡುಗಿ, ಆಸ್ಪತ್ರೆಗೆ ಸೇರಿ ವರ್ಷ ತುಂಬಿಲ್ಲ, ಮಾರ್ಚಿಗೆ ಕೆಲಸ ಖಾಯಂ ಆಗಬೇಕು. ಹೋದ ಸಲ ಡ್ರಿಪ್ಪು ಹಾಕುವಾಗ ತಾನಾಗಿಯೇ ಹೇಳಿಕೊಂಡಿದ್ದಳು. ಈಗ ಅವಳ ಕಿವಿಯ ತುದಿ ಕೆಂಪಾಯಿತು, ಮತ್ತೆ ಎಣಿಸಿದ್ದೆ ಸರ್ ಎಂದದ್ದು ತನಗೇ ನಂಬಿಕೆಯಿಲ್ಲದವಳ ಹಾಗೆ ಕೇಳಿಸಿತು. ವನಜಮ್ಮ ಗೋಡೆಯ ಮೇಲಿನ ಚಿತ್ರವನ್ನು ನೋಡುತ್ತಿದ್ದಳು. ನಗುವ ಹೆಂಗಸೊಬ್ಬಳು ಕನ್ನಡಿಯ ಮುಂದೆ ಕೈ ಎತ್ತಿ ನಿಂತಿದ್ದಳು. ಈಗ ಹೇಳಬೇಕು. ಈ ಉಸಿರು ಮುಗಿದ ಮೇಲೆ ಹೇಳುತ್ತೇನೆ. ಉಸಿರು ಮುಗಿಯಿತು, ಇನ್ನೊಂದು ಬಂದಿತು. ಡಾಕ್ಟರು ಆಗಲೇ ವೀಣಾಳ ಕಡೆಗೆ ತಿರುಗಿ, ಮೂರಾದರೂ ಸಾಮಾನ್ಯವಾಗಿ ಸಾಕು, ರಿಪೋರ್ಟು ಸ್ಪಷ್ಟವಾಗಿಯೇ ಇದೆ, ಆದರೂ ನನ್ನ ಸಮಾಧಾನಕ್ಕೆ ಇನ್ನೊಂದು ಸಲ ಸೂಜಿ ಹಾಕಿ ನೋಡೋಣ್ವಾ ಎಂದು ಕೇಳುತ್ತಿದ್ದರು.

ವೀಣಾ ಬೇಡವೆಂದು ತಲೆಯಾಡಿಸಿದಳು. ಹೋದ ಸಲ ಸೂಜಿ ಹಾಕಿದ ಜಾಗ ಎರಡು ವಾರ ನೇರಳೆ ಬಣ್ಣಕ್ಕಿತ್ತು, ಕೈ ಎತ್ತಿ ಮಗಳಿಗೆ ಜಡೆ ಹಾಕಲೂ ಆಗಿರಲಿಲ್ಲ. "ರಿಪೋರ್ಟಲ್ಲಿ ಇಲ್ಲ ಅಂತ ಇದ್ರೆ ಇಲ್ಲ ಅಷ್ಟೆ. ಇಲ್ಲದ್ದನ್ನ ಹುಡ್ಕಕ್ಕೆ ಇನ್ನೊಂದ್ ಸಲ ಚುಚ್ಚಿಸ್ಕೊಳ್ಳಲ್ಲ," ಎಂದಳು. ಹಾಗಾದರೆ ಸೋಮವಾರದಿಂದ ಬೇರೆ ಡ್ರಿಪ್ಪು, ಅದು ನಾಟುವ ಭರವಸೆ ನಾನು ಕೊಡಲಾರೆ ಎಂದರು ಡಾಕ್ಟರು. ಒಂದು ಗಂಟೆಯವರೆಗೆ ಇರ್ತೇನೆ, ಯೋಚನೆ ಮಾಡಿ.

ಹೊರಗೆ ಗಡಿಯಾರದಲ್ಲಿ ಹನ್ನೆರಡೂಕಾಲು. ಕೆಂಚಿಯನ್ನು ಡ್ರಿಪ್ಪಿನ ಕೋಣೆಗೆ ಕರೆದುಕೊಂಡು ಹೋಗಿದ್ದರು. ಅವಳ ಕುರ್ಚಿಯಲ್ಲಿ ಕಿತ್ತಳೆ ಸಿಪ್ಪೆ ಇತ್ತು. ವೀಣಾ ಕಣ್ಣು ಮುಚ್ಚಿ ಗೋಡೆಗೆ ತಲೆಯಾನಿಸಿದಳು. ರೆಪ್ಪೆಯ ಕೂದಲೂ ಉದುರಿ ಮುಚ್ಚಿದ ಕಣ್ಣು ಕೂಡ ಮುಚ್ಚಿದ ಹಾಗೆ ಕಾಣುತ್ತಿರಲಿಲ್ಲ. ಹೇಳಿದರೆ ಇವಳು ಸೂಜಿ ಹಾಕಿಸಿಕೊಳ್ಳುತ್ತಾಳೆ. ಹೇಳದಿದ್ದರೆ ಇಲ್ಲ. ಇಷ್ಟು ಸರಳವಾದ ಲೆಕ್ಕ ವನಜಮ್ಮನ ಜೀವಮಾನದಲ್ಲಿ ಇನ್ನೊಂದು ಬಂದಿರಲಿಲ್ಲ. ಆದರೆ ಸೊಸೆಗೆ ಕೇಡು ಬಗೆದಳು ಎನ್ನುತ್ತಾರೆ. ಯಾಕೆ ಎನ್ನಬಾರದು? ಮದುವೆಯಾಗಿ ಬಂದ ಮೊದಲ ವರ್ಷ ವೀಣಾ ಆರಿಸಿಟ್ಟ ಅಕ್ಕಿಯನ್ನು ಅವಳ ಎದುರಿಗೇ ಮತ್ತೆ ಮೊರಕ್ಕೆ ಸುರಿದುಕೊಂಡು ಆರಿಸುತ್ತಿದ್ದಳು. ಒಂದು ದಿನ ಅಕ್ಕಪಕ್ಕದವರೆಲ್ಲ ಜಗಲಿಯಲ್ಲಿ ಕೂತಿರುವಾಗ ಮೂರು ಕಲ್ಲುಗಳನ್ನು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದ್ದಳು. ಅಷ್ಟಕ್ಕೇ ನಿಲ್ಲಲಿಲ್ಲ. ಇಷ್ಟು ಹುಡುಗಿಯರನ್ನ ನೋಡಿ ಇವಳನ್ನ ಆರಿಸಿದ್ದು ನನ್ನ ಕಣ್ಣು ಮಾಡಿದ ಒಂದೇ ತಪ್ಪು ಎಂದಿದ್ದಳು. ಎಲ್ಲರೂ ನಕ್ಕಿದ್ದರು. ವೀಣಾ ಒಂದು ತಿಂಗಳು ಮಾತಾಡಿರಲಿಲ್ಲ, ಆಮೇಲೆ ಮಾತಾಡಿದಳು, ಆದರೆ ಆ ದಿನದ ನಂತರ ಅಕ್ಕಿಯನ್ನು ಮುಟ್ಟಲಿಲ್ಲ. ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ಅಕ್ಕಿ ಆರಿಸುವುದು ವನಜಮ್ಮ ಒಬ್ಬಳೇ. ಆ ಜಗಲಿಯಲ್ಲಿ ನಕ್ಕವರೆಲ್ಲ ನಾಳೆ ಇದನ್ನು ಕೇಳುತ್ತಾರೆ. ಮಗ ಕೇಳುತ್ತಾನೆ. ಶಶಿ ಏನೂ ಅನ್ನುವುದಿಲ್ಲ, ಊಟದ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದು ಹೋಗುತ್ತಾನೆ; ಅವನ ಅಪ್ಪನೂ ಹಾಗೆಯೇ ಇದ್ದ. ನಿಜವನ್ನೇ ಹೇಳಬೇಕೆಂದು ಏನು? ಸೂಜಿ ಹಾಕಿಸಿಕೊಳ್ಳುವಷ್ಟು ಹೇಳಿದರೆ ಸಾಕು. ಹಾಗೆ ಅನ್ನಿಸಿದ ಕೂಡಲೇ ಮೈ ಹಗುರಾಯಿತು, ಮಾತು ತಾನಾಗಿ ಬಂದಿತು.

"ಸೂಜಿ ಹಾಕಿಸ್ಕೊಳವ್ವ ವೀಣಾ."

"ಬ್ಯಾಡ ಅಂದ್ನಲ್ಲ ಅತ್ತೆ."

"ಅದಲ್ಲ ಕಣವ್ವ. ಆ ಬಾಟ್ಲಿ ಬಸ್ಸಲ್ಲಿ ಸೋರ್ತು. ಪಿರಿಯಾಪಟ್ಣದ ಹತ್ರ. ಎರಡು ಎಳೆ ಆವಾಗ್ಲೇ ಹೋಗಿರ್ಬೇಕು. ನಾನು ಹೇಳ್ದೆ ಸುಮ್ನಿದ್ದೆ."

ವೀಣಾ ಕಣ್ಣು ತೆರೆದಳು. ತಲೆಯನ್ನು ಗೋಡೆಯಿಂದ ಎತ್ತದೆ ಮುಖವನ್ನಷ್ಟೇ ಈ ಕಡೆಗೆ ಹೊರಳಿಸಿದಳು.

"ಸುತ್ತ ಪ್ಲಾಸ್ಟರ್ ಹಾಕಿದ್ರು. ನಾನೇ ನೋಡಿದ್ದೆ. ಅದೆಂಗೆ ಸೋರುತ್ತೆ?"

ವನಜಮ್ಮ ಸುಳ್ಳು ಹೇಳಿ ಅಭ್ಯಾಸವಿದ್ದವಳಾಗಿದ್ದರೆ ಮುಚ್ಚಳ ಒಡೆದಿತ್ತು ಎಂದೋ, ಯಾರೋ ಚೀಲದ ಮೇಲೆ ಕೂತರು ಎಂದೋ ಮುಂದಿನ ಸುಳ್ಳು ಬರುತ್ತಿತ್ತು. ಡ್ರಿಪ್ಪಿನ ಕೋಣೆಯಿಂದ ಕೆಂಚಿ ಯಾರನ್ನೋ ರೇಗಿಸುತ್ತಿದ್ದದ್ದು ಕೇಳಿಸುತ್ತಿತ್ತು. ವೀಣಾ ಅತ್ತೆಯ ಮುಖವನ್ನು ಬಿಟ್ಟು ಕೆಳಗೆ ನೋಡುತ್ತಿದ್ದಳು. ಏನನ್ನು ನೋಡುತ್ತಿದ್ದಾಳೆ ಎಂದು ವನಜಮ್ಮನೂ ನೋಡಿದಳು. ಬಲಗೈ ಸೆರಗಿನಿಂದ ಯಾವಾಗಲೋ ಹೊರಗೆ ಬಂದು ಮಡಿಲಲ್ಲಿ ಕೂತಿತ್ತು. ಹೆಬ್ಬೆರಳೂ ತೋರುಬೆರಳೂ ಸೇರಿದವು, ಏನನ್ನೋ ಹಿಡಿದವು, ಎತ್ತಿ ಪಕ್ಕಕ್ಕೆ ಹಾಕಿದವು.

"ಆರ್ಸಿದ್ರಾ ಅತ್ತೆ?"

ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕೂತವಳಿಗೆ ಬೇರೆ ಯಾವ ಕಾರಣವೂ ಹೊಳೆಯಲಿಲ್ಲ, ಅಷ್ಟೆ.

"ಹೂಂ."

"ಯಾವ್ದು?"

"ಕಪ್ಪಗಿದ್ವಲ್ಲ, ಅವೆರಡು. ರಿಪೋರ್ಟು ಒಳ್ಳೇದು ಬರ್ಲಿ ಅಂತ ಕಣವ್ವ. ನಿನ್ನಾಣೆಗೂ ಅಷ್ಟೇಯ."

"ಎಲ್ಲಿ ಹಾಕಿದ್ರಿ?"

"ದಾಸವಾಳದ ಬುಡಕ್ಕೆ."

ಕೋಳಿಯ ವಿಷಯ ಬಾಯಿಗೆ ಬಂದಿತು, ನುಂಗಿಕೊಂಡಳು. ಇನ್ನೂ ಏನೇನೋ ಹೇಳಬೇಕಿತ್ತು. ಗುರುತು ಅಂದರೆ ಕೆಟ್ಟದ್ದು ಎಂದು ಡಾಕ್ಟರೇ ಹೇಳಿದ್ದರು, ಕೆಟ್ಟದ್ದು ಇಲ್ಲದಿರಲಿ ಎಂದು ಯಾರು ಬಯಸುವುದಿಲ್ಲ, ಕೆಟ್ಟದ್ದನ್ನೇ ಹಿಡಿದುಕೊಂಡು ಮದ್ದು ಒಳಗೆ ಹೋಗುತ್ತದೆ ಎಂದು ಕಾಳು ಆರಿಸುವವಳಿಗೆ ಯಾರು ಹೇಳಿಕೊಟ್ಟಿದ್ದರು. ಅದೆಲ್ಲವೂ ನಿಜ, ಅದರಲ್ಲಿ ಒಂದೂ ಈಗ ಹೇಳುವ ಮಾತಲ್ಲ. ವೀಣಾ ಇನ್ನೂ ಆ ಬೆರಳುಗಳನ್ನೇ ನೋಡುತ್ತಿದ್ದಳು. ಬಯ್ಯಲಿ ಎಂದು ವನಜಮ್ಮ ಕಾದಳು, ಬೈದರೆ ತಡೆದುಕೊಳ್ಳಬಹುದಾಗಿತ್ತು. "ಅಕ್ಕಿ ಥರ," ಎಂದಷ್ಟೇ ಹೇಳಿ ವೀಣಾ ಎದ್ದಳು. ಬಸ್ಸಿನಲ್ಲಿ ಇಬ್ಬರನ್ನೂ ಮುಚ್ಚಿದ್ದ ಶಾಲನ್ನು ಪೂರ್ತಿ ತನ್ನ ಕಡೆಗೆ ಎಳೆದು ಹೊದ್ದುಕೊಂಡು ಉಷಾರಾಣಿಯ ಮೇಜಿನ ಹತ್ತಿರ ಹೋಗಿ ನಿಂತಳು.

ಅಲ್ಲಿ ಏನು ಹೇಳಿದಳೋ ಮೊದಲು ಕೇಳಿಸಲಿಲ್ಲ. ಉಷಾರಾಣಿ ತಲೆಯೆತ್ತಿದ್ದು ಕಾಣಿಸಿತು, ಪೆನ್ನು ಕೆಳಗಿಟ್ಟದ್ದು ಕಾಣಿಸಿತು. ನಿಮ್ಮ ತಪ್ಪಿಲ್ಲ, ಡಾಕ್ಟ್ರಿಗೆ ನಾನೇ ಹೇಳ್ತೀನಿ ಎಂದು ವೀಣಾ ಹೇಳಿದ್ದು ಕೇಳಿಸಿತು. ಹುಡುಗಿ ಸೆರಗಿಲ್ಲದ ಬಿಳಿಯ ಕೋಟಿನ ತೋಳಿನಿಂದಲೇ ಮುಖ ಒರೆಸಿಕೊಂಡು, ಒಂದು ಕಾಗದ ತೆಗೆದು, ಇಲ್ಲಿ ನಿಮ್ಮ ಸಹಿ, ಕೆಳಗೆ ಜೊತೆಗೆ ಬಂದವರ ಸಹಿ ಎಂದಳು. ವನಜಮ್ಮ ಕುರ್ಚಿಯ ಕೈ ಹಿಡಿದು ಏಳತೊಡಗಿದಳು. ಸಹಿ ಮಾಡಲು ಬರುತ್ತದೆ. ಕ್ಯೂರಿಂಗ್ ವರ್ಕ್ಸಿನಲ್ಲೇ ಕಲಿತದ್ದು.

"ಎರಡೂ ನಾನೇ ಹಾಕ್ತೀನಿ," ಎಂದಳು ವೀಣಾ. "ನನ್ನ ಜೊತೆ ಯಾರೂ ಬಂದಿಲ್ಲ."

ಉಷಾರಾಣಿ ಅವಳ ಭುಜದ ಮೇಲಿನಿಂದ ಕುರ್ಚಿಗಳ ಸಾಲಿನ ಕಡೆಗೆ ನೋಡಿದಳು. ಅರ್ಧ ಎದ್ದಿದ್ದ ವನಜಮ್ಮ ಮತ್ತೆ ಕೂತಳು.

ಬಾಗಿಲು ಮುಚ್ಚಿತು. ಒಳಗೆ ಪಾತ್ರೆಗಳ ಸದ್ದು, ಡಾಕ್ಟರ ಮಾತು. ಆಮೇಲೆ ಮರದ ಕಡ್ಡಿ ಮುರಿದ ಹಾಗೆ ಒಂದು ಶಬ್ದ. ಸೂಜಿ ಬಡಿಯುವ ಸದ್ದು ಹಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೋದ ಸಲ ಅವಳು ಕೆಳಗೆ ಔಷಧಿ ಅಂಗಡಿಯಲ್ಲಿದ್ದಳು. ಎರಡನೆಯದು ಬರುವಷ್ಟರಲ್ಲಿ ಬಹಳ ಹೊತ್ತು ಹೋಯಿತು. ಮೂರು. ನಾಲ್ಕು. ವೀಣಾ ಒಂದು ಸಲವೂ ನರಳಲಿಲ್ಲ. ಐದಕ್ಕೆ ನಿಲ್ಲುತ್ತದೆ ಎಂದುಕೊಂಡರೆ ನಿಲ್ಲಲಿಲ್ಲ. ಎಂಟರವರೆಗೆ ಹೋಯಿತು. ಎಂಟನೆಯದಾದ ಮೇಲೂ ಅವಳು ಒಂಬತ್ತನೆಯದಕ್ಕೆ ಕಾಯುತ್ತಿದ್ದಳು. ಆಗ ಬಾಗಿಲು ತೆರೆದು ಡಾಕ್ಟರು ಕೈಗವಸು ಕಳಚುತ್ತ ಹೊರಗೆ ಬಂದರು. ಹೋಗುವ ದಾರಿಯಲ್ಲಿ ಅವಳ ಮುಂದೆ ನಿಂತರು. ಅವರ ಮುಖದಲ್ಲಿ ಬಯ್ಯುವುದೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಆ ಕಪ್ಪು ಬರೀ ರಕ್ತ ಆಗಿದ್ದಿರಬಹುದು ಅಮ್ಮ ಎಂದರು, ಅದರಲ್ಲೂ ಗುರುತು ಇಲ್ಲದೇ ಇದ್ದಿರಬಹುದು, ಈಗಿನದ್ದರಲ್ಲೂ ಇಲ್ಲದೇ ಇರಬಹುದು. ಹದಿನೈದು ದಿನ ಬೇಕು.

"ಇದ್ದಿದ್ರೆ ಸ್ವಾಮಿ?"

ಅವರು ಕೈಗವಸನ್ನು ಬುಟ್ಟಿಗೆ ಹಾಕಿದರು.

"ಇದ್ದಿದ್ರೆ ನಾಲ್ಕು ತಿಂಗಳು ಹೋಯ್ತು."

ಅವರ ಹೆಜ್ಜೆ ಮೆಟ್ಟಿಲಿಳಿದು ಹೋಯಿತು. ಹಿಂದೆಯೇ ಉಷಾರಾಣಿ ಬಂದಳು. ಇನ್ನು ಮೇಲೆ ಆಸ್ಪತ್ರೆಯ ಗಾಡಿಯಲ್ಲೇ ಲ್ಯಾಬಿಗೆ ಕಳಿಸಬೇಕು ಎಂದು ಒಳಗೆ ಯಾರಿಗೋ ಹೇಳುತ್ತ ಬಂದವಳ ಬಲಗೈಯಲ್ಲಿ ಬಾಟಲಿ ಇತ್ತು. ಸಾಲು ಕುರ್ಚಿಗಳ ಪಕ್ಕದ ದಾರಿ ಇಕ್ಕಟ್ಟು. ಇಬ್ಬರು ಎದುರಾದರೆ ಒಬ್ಬರು ನಿಲ್ಲಬೇಕು. ವನಜಮ್ಮ ಕಾಲುಗಳನ್ನು ಕುರ್ಚಿಯ ಕೆಳಗೆ ಮಡಿಸಿಕೊಂಡು ದಾರಿ ಬಿಟ್ಟಳು. ಅವಳನ್ನು ದಾಟುವಾಗ ಉಷಾರಾಣಿ ಮಾತು ನಿಲ್ಲಿಸಿ, ಮುಖ ನೋಡದೆ, ಬಾಟಲಿಯನ್ನು ಎದುರು ಗೋಡೆಯ ಕಡೆಗಿದ್ದ ಕೈಗೆ ಬದಲಾಯಿಸಿಕೊಂಡಳು.